ಸಹಿ ಮೊದಲು, ಅರ್ಜಿ ಆಮೇಲೆ

"ಸಹಿ ಅವಳದೇ," ಎಂದ ಗುಮಾಸ್ತ ಗುರುಬಸವರಾಜ್, ಬಾಯೊಳಗಿನ ಎಲೆ ಅಡಿಕೆಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸುತ್ತಾ. "ಬೆಂಗ್ಳೂರಿಗೆ ಕಳಿಸ್ರಿ, ದಿಲ್ಲಿಗೆ ಕಳಿಸ್ರಿ. ಎಂಥಾ ಪರಿಣತ ನೋಡಿದ್ರೂ ಇದು ಅಂತ್ರಗಟ್ಟಮ್ಮನ ಸಹಿ ಅಂತಾನೇ ಬರ್ಕೊಡ್ತಾನೆ."

"ನಾನೇನು ಅಲ್ಲ ಅಂದ್ನಾ?" ಎಂದಳು ಶಂಕ್ರಮ್ಮ.



ಚನ್ನಗಿರಿಯ ಆ ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಗೋಡೆ ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ರೆಕಾರ್ಡ್ ರೂಮಿನ ಅಟೆಂಡರ್ ಅಂತರಘಟ್ಟಮ್ಮ ರಾಜೀನಾಮೆ ಕೊಟ್ಟಿದ್ದಾಳೆ, ಅದು ಅಂಗೀಕಾರವಾಗಿದೆ, ಇವತ್ತು ಸಂಜೆ ಐದೂವರೆಗೆ ಅವಳು ಸೇವೆಯಿಂದ ಬಿಡುಗಡೆ ಎಂದು ಜಿಲ್ಲಾ ಕಚೇರಿಯ ಆದೇಶ ಹೇಳುತ್ತಿತ್ತು. ತಾನು ಅಂಥ ಕಾಗದವನ್ನೇ ಬರೆದಿಲ್ಲ ಎಂದು ಅಂತರಘಟ್ಟಮ್ಮ ಶಂಕ್ರಮ್ಮನಿಗೆ ಹೇಳಿದ್ದಳು.

ಐದೂವರೆಯೊಳಗೆ ಅವಳೇ ಖುದ್ದಾಗಿ ಬಂದು ಹಿಂತೆಗೆದುಕೊಂಡರೆ ನೌಕರಿ ಉಳಿಯುತ್ತದೆ. ಐದು ಮೂವತ್ತೊಂದಕ್ಕೆ ಬಂದರೆ ಇಪ್ಪತ್ತನಾಲ್ಕು ವರ್ಷದ ಸೇವೆ ಕಸಬರಿಗೆಯ ಮುಂದಿನ ಧೂಳು. ಸ್ವಯಂ ನಿವೃತ್ತಿಯಾದರೆ ಪಿಂಚಣಿ ಉಂಟು. ರಾಜೀನಾಮೆಗೆ ಅದೂ ಇಲ್ಲ. ಉಟ್ಟ ಸೀರೆಯಲ್ಲಿ ಮನೆಗೆ ನಡೆಯಬೇಕು.

ಶಂಕ್ರಮ್ಮ ಇದೇ ಕಚೇರಿಯ ಟಪಾಲು ಶಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ನಿವೃತ್ತಳಾಗಿ ಎರಡು ವರ್ಷ. ಈಗ ಅದೇ ಕಾಂಪೌಂಡಿನ ಹೊರಗೆ ಬೇವಿನ ಮರದಡಿ ಕುರ್ಚಿ ಹಾಕಿಕೊಂಡು ಅರ್ಜಿ ಬರೆದುಕೊಡುತ್ತಾಳೆ. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಭೂತಗನ್ನಡಿ. ಆ ಭೂತಗನ್ನಡಿಯನ್ನೇ ಈಗ ಮೇಜಿನ ಮೇಲಿದ್ದ ರಾಜೀನಾಮೆ ಪತ್ರದ ಮೇಲಿಟ್ಟಳು.

"ಬಾ ಇಲ್ಲಿ ಗುರುಬಸಣ್ಣ. ಕಡೇ ಸಾಲು ನೋಡು. 'ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ' ಅಂತ ಕಂಪ್ಯೂಟರ್‌ನಾಗೆ ಟೈಪ್ ಮಾಡೈತೆ. ಅದರ ಕೆಳಗೆ ನೀಲಿ ಪೆನ್ನಿನ ಸಹಿ. ಸಹಿಯ ಬಾಲ ಮೇಲಕ್ಕೆ ಹೋಗಿ ಟೈಪಿನ ಅಕ್ಷರಕ್ಕೆ ತಾಗೈತೆ. ತಾಗಿದ ಕಡೆ ಮೇಲೆ ಕೂತಿರೋದು ಯಾವುದು? ನೀಲಿಯೋ, ಕಪ್ಪೋ?"

ಅವನು ಬಾಗಲಿಲ್ಲ.

"ಕಪ್ಪು," ಎಂದಳು ಅವಳೇ. "ನೀಲಿ ಗೆರೆ ಮೇಲೆ ಕಪ್ಪು ಅಕ್ಷರ ಕುಂತೈತೆ. ಲೋಕದಾಗೆ ಮಂದಿ ಅರ್ಜಿ ಬರೆದು ಸಹಿ ಹಾಕ್ತಾರೆ. ಈಕೆ ಸಹಿ ಹಾಕಿದ ಮೇಲೆ ಅರ್ಜಿ ಬಂದೈತೆ."

ಸುತ್ತ ಏಳು ಮೇಜು. ಏಳು ಮೇಜಿನಲ್ಲೂ ಜನ. ಒಬ್ಬರ ತಲೆಯೂ ಮೇಲೇಳಲಿಲ್ಲ. ಆದರೆ ಕೀಬೋರ್ಡಿನ ಸದ್ದು ನಿಂತಿತ್ತು. ಕೇಳುವವರು ಕೇಳುತ್ತಿದ್ದಾರೆ ಎಂದು ಶಂಕ್ರಮ್ಮನಿಗೆ ಗೊತ್ತಾಗಲು ಅಷ್ಟು ಸಾಕಿತ್ತು.

ಫೋನು ಗುಂಯ್‌ಗುಟ್ಟಿತು. ಹಾಲಸ್ವಾಮಿ.

"ಶಂಕ್ರಮ್ಮಾರೆ, ಸಂತೇಬೆನ್ನೂರಾಗೆ ಸಿಕ್ಕಾಕ್ಕೊಂಡೀನ್ರಿ. ಇವತ್ತು ಸಂತೆ. ಮೆಕ್ಕೆಜೋಳದ ಲಾರಿ ಬೇರೆ ಅಡ್ಡ ನಿಂತೈತೆ. ತ್ಯಾವಣಿಗೆ ಮುಟ್ಟಾಕೆ ಇನ್ನೊಂದು ಅರ್ಧ ತಾಸು. ಅವಳನ್ನ ಹತ್ತಿಸ್ಕೊಂಡು ಹಿಂದಕ್ಕೇ ಬರ್ತೀನಿ. ನೀವು ಫೈಲ್ ಬಿಟ್ಟು ಏಳಬ್ಯಾಡ್ರಿ ಮತ್ತೆ."

"ಏಳಲ್ಲಣ್ಣ. ನೀವು ಹುಷಾರು."

ಹಾಲಸ್ವಾಮಿ ನಾಲ್ಕು ತಾಲ್ಲೂಕಿನ ನೌಕರರ ಒಕ್ಕೂಟದ ಕಾರ್ಯದರ್ಶಿ. ಈ ಹದಿನೈದು ದಿನ ತನ್ನ ಕಾರಿನಲ್ಲಿ ಶಂಕ್ರಮ್ಮನನ್ನು ಕೂರಿಸಿಕೊಂಡು ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿಸಿದವನು ಅವನೇ. ಆ ಮೂರು ಕಡೆಯೂ ಇದೇ ಕತೆ. ಒಂದೂವರೆ ವರ್ಷದಲ್ಲಿ ಮೂವರು ಅಟೆಂಡರುಗಳು 'ಸ್ವಇಚ್ಛೆಯಿಂದ' ಹೋಗಿದ್ದರು. ಮೂವರೂ ಕಾಗದ ಬರೆದಿರಲಿಲ್ಲ. ಮೂವರ ಕುರ್ಚಿಗೂ ಒಂದೇ ಏಜೆನ್ಸಿಯ ಹೊರಗುತ್ತಿಗೆ ಜನ ಬಂದು ಕೂತಿದ್ದರು.

ಹೊನ್ನಾಳಿಯ ಮೈಲಾರಿ ಈಗ ಕಲ್ಯಾಣಮಂಟಪವೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದ. ಬೂದಿ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಅವನು ಹೇಳಿದ ಮಾತು ಶಂಕ್ರಮ್ಮನ ಕಿವಿಯಿಂದ ಇನ್ನೂ ಇಳಿದಿರಲಿಲ್ಲ.

"ನಾನು ಬರ್ದಿಲ್ಲಕ್ಕ. ಆದ್ರೆ ಬರ್ದಿಲ್ಲ ಅಂತ ಹೇಳಾಕೆ ಒಳಗೆ ಹೋದ್ರೆ, ನೀನ್ಯಾರು ಅಂತಾರೆ. ಈಗ ನಾನ್ಯಾರು, ನೀನೇ ಹೇಳು."

ಅದೇ ಈ ಕೆಲಸದ ಚೊಕ್ಕಟತನ. ಆರೋಪವಿಲ್ಲ, ನೋಟಿಸಿಲ್ಲ, ವಿಚಾರಣೆಯಿಲ್ಲ. ಒಬ್ಬನನ್ನು ಅಮಾನತು ಮಾಡಿದರೆ ಒಕ್ಕೂಟ ಬಾವುಟ ಹಿಡಿಯುತ್ತದೆ. ಶಿಕ್ಷೆ ಕೊಟ್ಟರೆ ಮೇಲ್ಮನವಿ ಇದೆ. ತಾನಾಗಿ ಎದ್ದು ಹೋದವಳಿಗೆ ಯಾರು ಅಳುತ್ತಾರೆ? ರಕ್ತ ಬಾರದ ಹಾಗೆ ಕತ್ತು ಕುಯ್ಯುವ ವಿದ್ಯೆ ಇದು.

ಒಳಕೋಣೆಯ ಬಾಗಿಲು ತೆರೆದು ಅಧಿಕಾರಿ ರೂಪಶ್ರೀ ಹೊರಗೆ ಬಂದಳು. ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಮೂವತ್ತರ ಒಳಗಿನ ವಯಸ್ಸು, ನೆಟ್ಟಗಿನ ಮಾತು.

"ಶಂಕ್ರಮ್ಮನವರೇ, ನಿಮ್ಮ ಅನುಮಾನ ನನಗೆ ಅರ್ಥವಾಗುತ್ತೆ. ಆದ್ರೆ ಆದೇಶ ನನ್ನದಲ್ಲ, ಜಿಲ್ಲಾ ಕಚೇರಿಯದು. ಅನುಮಾನ ಇಟ್ಕೊಂಡು ಅದನ್ನ ನಿಲ್ಲಿಸೋಕೆ ನನಗೆ ಅಧಿಕಾರ ಇಲ್ಲ. ಆಕೆ ನನ್ನೆದುರಿಗೆ ನಿಂತು ಹಿಂತೆಗೆದುಕೊಳ್ತೀನಿ ಅಂತ ಬರೆದುಕೊಟ್ಟರೆ, ಆ ಕ್ಷಣವೇ ಸ್ವೀಕೃತಿ ಹಾಕ್ತೀನಿ. ಐದೂವರೆಗೆ ಒಂದು ನಿಮಿಷ ಇದ್ದರೂ ಸರಿ."

"ಬರ್ತಾಳೆ ಮೇಡಂ. ಕಾಮಾಲೆ ಆಗಿತ್ತು. ತ್ಯಾವಣಿಗೆಯಾಗೆ ತಂಗಿ ಮನೇಲಿ ನಾಟಿ ಔಷಧಿ ತಗೊಂತಿದ್ಲು. ಕರ್ಕೊಂಬರಾಕೆ ಕಾರು ಹೋಗೈತೆ."

ಅಂತರಘಟ್ಟಮ್ಮ ಅಲ್ಲಿರುವ ವಿಷಯವನ್ನು ಶಂಕ್ರಮ್ಮ ನಿನ್ನೆಯ ತನಕ ಯಾರಿಗೂ ಹೇಳಿರಲಿಲ್ಲ. ಚನ್ನಗಿರಿಯ ಅವಳ ಮನೆಯ ಬಾಗಿಲನ್ನು ಯಾರೋ ಎರಡು ಸಲ ಬಡಿದು, ಅಕ್ಕಪಕ್ಕದವರಲ್ಲಿ ವಿಚಾರಿಸಿ ಹೋಗಿದ್ದರು. ಅವಳು ಕಚೇರಿ ಮುಟ್ಟದಿರಲಿ ಎಂದು ಹುಡುಕುವವರೂ ಇರುತ್ತಾರೆ ಲೋಕದಲ್ಲಿ.

"ಮೇಡಂ, ಅದಕ್ಕೂ ಮೊದಲು ಒಂದು ಕೆಲಸ," ಎಂದಳು ಶಂಕ್ರಮ್ಮ. "ಈ ಗುರುಬಸಣ್ಣನ ಎರಡನೇ ಡ್ರಾಯರ್ ತೆಗೆಸ್ರಿ."



"ಅದು ನನ್ನ ಸ್ವಂತ ಡ್ರಾಯರ್," ಎಂದ ಗುರುಬಸವರಾಜ್. ಮಾತಿನ ಜೊತೆ ಕೆಂಪು ಹನಿಯೊಂದು ಹಾರಿ ಫೈಲಿನ ಮೇಲೆ ಬಿತ್ತು. ಹೆಬ್ಬೆರಳಿಂದ ಅದನ್ನು ಒರೆಸಿ, ಬೆರಳನ್ನು ಮೇಜಿನ ಅಂಚಿಗೆ ಸವರಿದ. ಆ ಅಂಚಿನಲ್ಲಿ ವರ್ಷಗಟ್ಟಲೆಯ ಕೆಂಪು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಶಂಕ್ರಮ್ಮ ಸೆರಗನ್ನು ಮೇಜಿನಿಂದ ದೂರ ಎಳೆದುಕೊಂಡಳು.

"ಸ್ವಂತದ್ದಾ? ಹಂಗಾದ್ರೆ ಅದರಾಗೆ ಊರಿನ ಸಹಿ ಎಲ್ಲಾ ಯಾಕೈತೆ?"

"ಯಾವ ಸಹಿ?" ಎಂದಳು ರೂಪಶ್ರೀ.

ಉತ್ತರ ಎಲ್ಲರಿಗೂ ಗೊತ್ತಿತ್ತು.

ಆ ಕಚೇರಿಯ ಹಳೇ ಪದ್ಧತಿ ಅದು. ಜನವರಿ ಮೊದಲ ವಾರ ಪ್ರತಿಯೊಬ್ಬರೂ ಖಾಲಿ ಬಿಳಿಹಾಳೆಯ ಬಲಗಡೆ ಕೆಳಗೆ ಸಹಿ ಹಾಕಿ ಸಿಬ್ಬಂದಿ ಶಾಖೆಗೆ ಕೊಡುತ್ತಿದ್ದರು. ಒಬ್ಬೊಬ್ಬರದು ಮೂರು ಮೂರು ಹಾಳೆ. ಬಸ್ಸು ತಪ್ಪಿತು, ಮಗುವಿಗೆ ಜ್ವರ ಬಂತು, ಅಷ್ಟರಲ್ಲಿ ಮೇಲಿನಿಂದ ತಪಾಸಣೆಗೆ ಜೀಪು ಬಂತು ಎನ್ನಿ. ಡ್ರಾಯರಿನಿಂದ ಹಾಳೆ ಎಳೆದು 'ಒಂದು ದಿನದ ಸಾಂದರ್ಭಿಕ ರಜೆ' ಎಂದು ಬರೆದು ತಾರೀಖು ಹಾಕಿದರೆ ಮುಗಿಯಿತು. ಬಂದವರ ಕಣ್ಣಿಗೆ ಎಲ್ಲ ಸರಿ. ಶಂಕ್ರಮ್ಮನೂ ಮೂವತ್ತೊಂದು ವರ್ಷ ಕೊಟ್ಟಿದ್ದಳು. ಹೊಟ್ಟೆನೋವೆಂದು ಮಲಗಿದ ದಿನ ಆ ಹಾಳೆ ತನ್ನನ್ನು ಕಾಪಾಡಿತೆಂದು ಸಂಜೆ ದೇವರಿಗೆ ಎರಡು ಬತ್ತಿ ಹೆಚ್ಚು ಹಾಕಿದ್ದೂ ಇತ್ತು.

ಉಗುಳಿದರೆ ಬಾಯಿ ಕೆಡುತ್ತದೆ, ನುಂಗಿದರೆ ಹೊಟ್ಟೆ ಕೆಡುತ್ತದೆ. ಆದರೂ ಅವಳು ಉಗುಳಿದಳು. ಇದ್ದುದನ್ನು ಇದ್ದ ಹಾಗೆ ರೂಪಶ್ರೀಯ ಮುಂದೆ ಹೇಳಿದಳು, ತನ್ನನ್ನೂ ಸೇರಿಸಿ.

ರೂಪಶ್ರೀಯ ಮುಖ ಕೆಂಪಾಯಿತು. "ಖಾಲಿ ಹಾಳೆಗೆ ಸಹಿ? ಸರ್ಕಾರಿ ನೌಕರರು?" ಎನ್ನುತ್ತಾ ಸುತ್ತ ನೋಡಿದಳು. "ನಿಜವೇನ್ರೀ ಇದು?"

ಒಬ್ಬ ಸ್ಟ್ಯಾಪ್ಲರಿಗೆ ಪಿನ್ನು ತುಂಬತೊಡಗಿದ. ಇನ್ನೊಬ್ಬ ಮೊನ್ನೆಯ ಪತ್ರಿಕೆಯನ್ನು ಮಡಿಸಿದ, ಮತ್ತೆ ಬಿಚ್ಚಿದ. ಅಂತರಘಟ್ಟಮ್ಮ ಇಪ್ಪತ್ತನಾಲ್ಕು ವರ್ಷ ಇವರೆಲ್ಲರ ಫೈಲು ಹೊತ್ತವಳು. ಇವರ ಮಕ್ಕಳ ಹೆಸರು, ಇವರ ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತು, ಎಲ್ಲ ಅವಳ ಬಾಯಿಪಾಠ. ಈಗ ಏಳು ಜನಕ್ಕೂ ಅವಳ ಹೆಸರೇ ಮರೆತ ಹಾಗಿತ್ತು.

"ಲಕ್ಷ್ಮಿದೇವಿ," ಎಂದಳು ಶಂಕ್ರಮ್ಮ, ಕಿಟಕಿ ಬದಿಯ ಗುಮಾಸ್ತೆಯನ್ನು ನೋಡಿ. "ನಿನ್ನ ಬಾಣಂತನದಾಗೆ ಎಣ್ಣೆ ನೀರು ಹಾಕ್ದೋಳು ಯಾರವ್ವ?"

ಲಕ್ಷ್ಮಿದೇವಿಯ ಕಣ್ಣು ತುಂಬಿತು. ಬಾಯಿ ಬಿಡಲಿಲ್ಲ.

"ಯಾಕೆ ಬಿಡ್ತಾಳೆ?" ಗುರುಬಸವರಾಜ್ ಈಗ ನಕ್ಕ. ಅದು ನಗೆಯಲ್ಲ, ಜಾರಿದ ಜೊಲ್ಲಿನ ಹಾಗಿತ್ತು. "ಅವಳದೂ ಮೂರು ಹಾಳೆ ಐತಲ್ಲ ಇಲ್ಲಿ. ಎಲ್ಲಾರದೂ ಐತೆ. ಬಾಯಿ ಬಿಟ್ಟೋರಿಗೆ ಮೇಡಂ ಮೊದಲು ನೋಟಿಸ್ ಕೊಡ್ತಾರೆ. ಆಮೇಲೆ ಯಾವತ್ತೋ ಒಂದಿನ ಅವರಿಗೂ ಸ್ವಇಚ್ಛೆ ಬರಬೋದು."

ಆ ಡ್ರಾಯರಿನೊಳಗೆ ಇದ್ದುದು ರಜೆ ಅರ್ಜಿಗಳಲ್ಲ. ಈ ಕೋಣೆಯ ಪ್ರತಿಯೊಬ್ಬರ ಕುತ್ತಿಗೆಯ ಅಳತೆಗೆ ಗಂಟು ಹಾಕಿಟ್ಟ ಹಗ್ಗ. ಹಗ್ಗವನ್ನು ತಾವೇ ಹೊಸೆದು, ತಾವೇ ಸಹಿ ಹಾಕಿ, ಹೊಸ ವರ್ಷದ ಸಿಹಿಯ ಜೊತೆ ಇವನ ಕೈಗೆ ಕೊಟ್ಟಿದ್ದರು.

"ಕೀಲಿ," ಎಂದಳು ರೂಪಶ್ರೀ.

"ಮೇಡಂ, ಮನೇಲೈತೆ..."

"ಕೀಲಿ ಕೊಡಿ, ಇಲ್ಲಾಂದ್ರೆ ಪೊಲೀಸರನ್ನ ಕರೆಸಿ ಒಡೆಸ್ತೀನಿ."

ಕೀಲಿ ಅವನ ಉಡದಾರದಿಂದ ಬಂತು. ಡ್ರಾಯರು ಕಿರುಗುಟ್ಟಿ ಅರ್ಧ ಬಂದು ನಿಂತಿತು. ಹಳಸಿದ ಅಡಿಕೆ, ಜಿರಳೆ, ಬಾಡಿದ ಎಲೆಯ ವಾಸನೆ ಒಟ್ಟಿಗೆ ಎದ್ದಿತು. ಸುಣ್ಣದ ಡಬ್ಬಿಯ ಕೆಳಗೆ ಪಾಲಿಥೀನ್ ಚೀಲ. ಚೀಲದಲ್ಲಿ ಬಿಳಿಹಾಳೆಯ ಕಟ್ಟು. ಪ್ರತಿ ಹಾಳೆಯೂ ಖಾಲಿ. ಪ್ರತಿ ಹಾಳೆಯ ಬಲಮೂಲೆಯಲ್ಲೂ ಒಂದು ಹೆಸರು.

ರೂಪಶ್ರೀ ಒಂದೊಂದಾಗಿ ಮಗುಚಿದಳು. ಲಕ್ಷ್ಮಿದೇವಿ. ಲಕ್ಷ್ಮಿದೇವಿ. ಲಕ್ಷ್ಮಿದೇವಿ. ಪಿನ್ನು ತುಂಬುತ್ತಿದ್ದವನ ಹೆಸರು. ಪತ್ರಿಕೆ ಮಡಿಸುತ್ತಿದ್ದವನ ಹೆಸರು. ಹೆಸರು ಬಂದಂತೆಲ್ಲ ಆ ಮೇಜಿನವರು ಇನ್ನಷ್ಟು ಬಾಗಿದರು.

"ಅಂತರಘಟ್ಟಮ್ಮ," ಎಂದು ಓದಿದಳು ರೂಪಶ್ರೀ. "ಒಂದು, ಎರಡು, ಮೂರು."

"ಎಷ್ಟು?" ಶಂಕ್ರಮ್ಮ ಮುಂದೆ ಬಂದಳು.

"ಮೂರು. ನೀವು ಹೇಳಿದ ಹಾಗೆ, ಎಲ್ಲರ ಥರವೇ ಮೂರು."

ಮೂರೂ ಇದ್ದವು. ಒಂದೂ ಕಡಿಮೆಯಿರಲಿಲ್ಲ.

ಶಂಕ್ರಮ್ಮ ಹಾಳೆಗಳನ್ನು ಕೈಗೆ ತೆಗೆದುಕೊಂಡಳು. ಸಹಿ ಅಲ್ಲಾಡಿತ್ತು. ನಡುಗುವ, ಎಡಕ್ಕೆ ವಾಲಿದ, ಈಗಷ್ಟೇ ಬರೆಯಲು ಕಲಿತವರ ಸಹಿ. ಹೌದಲ್ಲ. ಎರಡು ವರ್ಷದ ಹಿಂದೆ, ತಾನು ನಿವೃತ್ತಳಾದ ತಿಂಗಳೇ, ರೆಕಾರ್ಡ್ ರೂಮಿನ ಕಬ್ಬಿಣದ ರ‍್ಯಾಕು ಬಿದ್ದು ಅಂತರಘಟ್ಟಮ್ಮನ ಬಲಗೈ ಬೆರಳು ಜಜ್ಜಿಹೋಗಿದ್ದವು. ಅಂದಿನಿಂದ ಅವಳು ಸಹಿ ಹಾಕುವುದು ಎಡಗೈಯಲ್ಲಿ.

ರಾಜೀನಾಮೆಯ ಸಹಿ ದುಂಡಗಿತ್ತು. ಸರಾಗವಾಗಿತ್ತು. ಅದು ಬಲಗೈಯ ಸಹಿ.

"ನನ್ನ ಡ್ರಾಯರಿನ ಹಾಳೆ ಪ್ರತೀ ಜನವರಿಗೆ ಹೊಸದು," ಎಂದ ಗುರುಬಸವರಾಜ್. ಸೊಕ್ಕು ಇಳಿದು ಗೋಗರೆತ ಬಂದಿತ್ತು. "ಹಳೇದನ್ನ ಅವರೆದುರಿಗೇ ಹರಿದಾಕ್ತೀನಿ. ಕೇಳ್ರಿ ಬೇಕಾದ್ರೆ. ನನ್ನತ್ರ ಅವಳ ಬಲಗೈ ಸಹಿ ಎಲ್ಲೈತೆ ಅಕ್ಕ? ನಾನು ಕೆಟ್ಟೋನು, ಒಪ್ಕೋತೀನಿ. ಎರಡು ತಿಂಗಳು ಹಿಡಿಯೋ ಫೈಲನ್ನ ನಾಲ್ಕು ದಿನದಾಗೆ ಓಡಿಸ್ದೆ. ಅವಳು ನಂಗೆ ಏನು, ಅಕ್ಕನಾ ತಂಗಿನಾ? ಮೇಲಿಂದ ಮಾತು ಬಂತು, ಓಡಿಸ್ದೆ. ಆದ್ರೆ ಆ ಹಾಳೆ ನಂದಲ್ಲ."

ಹೇಳಿದ ರೀತಿ ಎಷ್ಟು ಹೊಲಸಾಗಿತ್ತೆಂದರೆ, ಅದು ಸುಳ್ಳಾಗಿರಲು ಸಾಧ್ಯವಿರಲಿಲ್ಲ. ಸುಳ್ಳು ಹೇಳುವವನು ತನ್ನನ್ನು ಇಷ್ಟಾದರೂ ತೊಳೆದುಕೊಂಡಿರುತ್ತಿದ್ದ.

ಫೋನು ಮತ್ತೆ ಗುಂಯ್‌ಗುಟ್ಟಿತು.

"ಶಂಕ್ರಮ್ಮಾರೆ, ಏನಂತ ಹೇಳ್ಲಿ. ಲಾರಿ ಸರೀತು ಅಂದ್ರೆ ಟೈರ್ ಪಂಚರ್. ಅಂಗಡಿಯೋನು ಊಟಕ್ಕೆ ಹೋಗ್ಯಾನೆ. ನೀವು ಗಾಬರಿ ಆಗಬ್ಯಾಡ್ರಿ. ಡ್ರಾಯರ್ ತೆಗೆಸಿದ್ರಾ? ಅವನೇ ಅಲ್ವಾ?"

"ನೋಡ್ತಾ ಇದೀವಣ್ಣ," ಎಂದಳು ಶಂಕ್ರಮ್ಮ. ಗಡಿಯಾರ ನಾಲ್ಕೂ ಹತ್ತು.

ಫೋನು ಇಟ್ಟು ತಿರುಗಿದಾಗ ಲಕ್ಷ್ಮಿದೇವಿ ಎದ್ದು ನಿಂತಿದ್ದಳು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಅಕ್ಕಾ," ಎಂದಳು. "ಅವಳು ಬಲಗೈಯಾಗೆ ಖಾಲಿ ಹಾಳೆಗೆ ಸಹಿ ಹಾಕಿದ್ದು ನಾನು ನೋಡೀನಿ. ನೀನೂ ಇದ್ದೆ. ನೀನೂ ಹಾಕ್ದೆ. ನಾವೆಲ್ಲಾ ಹಾಕಿದ್ವಿ."

"ಯಾವಾಗ?"

"ಮುಷ್ಕರದ ವರ್ಷ. ರ‍್ಯಾಕ್ ಬೀಳಾಕಿಂತ ಮುಂಚೆ. ಸಾಮೂಹಿಕ ರಜೆ ಹಾಕೋದು, ಒಕ್ಕಣೆ ಎಲ್ಲಾರದೂ ಒಂದೇ ಥರ ಇರಲಿ, ನಾವೇ ಟೈಪ್ ಮಾಡಿಸ್ಕೊಂತೀವಿ, ನೀವು ಬರೀ ಸಹಿ ಮಾಡಿಕೊಡ್ರಿ ಅಂತ ಒಕ್ಕೂಟದೋರು ಬಂದು ಇಸ್ಕೊಂಡು ಹೋದ್ರಲ್ಲ. ಆಮೇಲೆ ಮುಷ್ಕರ ನಿಂತೋಯ್ತು. ಆ ಹಾಳೆ ವಾಪಸ್ ಕೊಡಿ ಅಂತ ಯಾರೂ ಕೇಳ್ಲಿಲ್ಲ. ನಾಲ್ಕೂ ತಾಲ್ಲೂಕಿಂದು ಒಂದೇ ಕಟ್ಟು."

ನಾಲ್ಕೂ ತಾಲ್ಲೂಕು. ಹೊನ್ನಾಳಿ. ನ್ಯಾಮತಿ. ಜಗಳೂರು. ಚನ್ನಗಿರಿ. ಗುರುಬಸವರಾಜನ ಈ ನಾರುವ ಡ್ರಾಯರು ಹೊನ್ನಾಳಿಯ ಮೈಲಾರಿಯ ಸಹಿಯನ್ನು ಎಂದೂ ಕಂಡಿರಲಾರದು. ಹದಿನೈದು ದಿನದಿಂದ ಅಷ್ಟು ಸರಳ ಮಾತು ತನ್ನ ತಲೆಗೆ ಏಕೆ ಹೊಳೆಯಲಿಲ್ಲ? ಹೊಳೆಯದಂತೆ ಪಕ್ಕದ ಸೀಟಿನಲ್ಲಿ ಕೂತು, 'ಅವನೇ, ಗುರುಬಸವರಾಜನೇ' ಎಂದು ಊರೂರಿನಲ್ಲೂ ಕಿವಿಗೆ ಊದುತ್ತಾ ಬಂದವನು ಒಬ್ಬನಿದ್ದ.

"ಗುರುಬಸಣ್ಣ," ಎಂದಳು. "ಫೈಲ್ ಓಡಿಸು ಅಂತ ನಿನಗೆ ಮಾತು ಬಂತಲ್ಲ. ಯಾರಿಂದ?"

ಅವನು ಅಡಿಕೆಯನ್ನು ನುಂಗಿಯೇ ಬಿಟ್ಟ. "ಇನ್ಯಾರು? ಕಾರ್ಯದರ್ಶಿಗಳೇ ಬಂದು ಹೇಳಿದ್ರು. ಪಾಪ ಅವಳಿಗೆ ಹುಷಾರಿಲ್ಲ, ಬಿಡುಗಡೆ ಕೇಳ್ತಾಳೆ, ಬೇಗ ಮಾಡಿಕೊಡ್ರಿ ಅಂದ್ರು. ಆ ಹೊರಗುತ್ತಿಗೆ ಏಜೆನ್ಸಿ ನಡೆಸೋ ಪುಷ್ಪಾ ಹಾಲಸ್ವಾಮಣ್ಣಾರ ಸೊಸೆ ಅಂತ ಎಲ್ಲಾರಿಗೂ ಗೊತ್ತೈತಲ್ಲಕ್ಕ. ನಿಂಗೆ ಗೊತ್ತಿಲ್ವಾ?"

ಎಲ್ಲರಿಗೂ ಗೊತ್ತಿತ್ತು. ಏಳು ಮೇಜಿಗೂ. ಶಂಕ್ರಮ್ಮ ಹಾಲಸ್ವಾಮಿಯ ಕಾರಿನಿಂದ ಇಳಿಯುವುದನ್ನು ದಿನವೂ ಈ ಕಿಟಕಿಯಿಂದ ನೋಡುತ್ತಾ, ಇವಳೂ ಅವನ ಕಡೆಯವಳೇ ಎಂದುಕೊಂಡು ಸುಮ್ಮನಿದ್ದರು.

ಅಂತರಘಟ್ಟಮ್ಮ ಎಲ್ಲಿದ್ದಾಳೆಂದು ಬಾಗಿಲು ಬಡಿದವರಿಗೆ ಗೊತ್ತಾಗಿರಲಿಲ್ಲ. ನೆರೆಹೊರೆಯವರಿಗೆ ಗೊತ್ತಾಗಿರಲಿಲ್ಲ. ಇವತ್ತು ಬೆಳಿಗ್ಗೆ, ತನ್ನ ಮನೆಯಲ್ಲೇ ಉಪ್ಪಿಟ್ಟು ತಿಂದು ಕೈ ತೊಳೆಯುತ್ತಿದ್ದ ಒಬ್ಬನಿಗೆ ಶಂಕ್ರಮ್ಮ ತಾನೇ ಬಾಯಾರೆ ಹೇಳಿದ್ದಳು. ತಂಗಿಯ ಹೆಸರು, ಮನೆಯ ಗುರುತು, ಎಲ್ಲ.

ತ್ಯಾವಣಿಗೆಯ ಆ ತಂಗಿ, ದುರುಗಕ್ಕನ ನಂಬರಿಗೆ ಹಚ್ಚಿದಳು. ಆರು ಸಲ ರಿಂಗಾಯಿತು. ಏಳನೆಯದಕ್ಕೆ ಎತ್ತಿದಳು. ಅಲ್ಲಿ ಯಾರೋ ಜೋಳದ ರಾಶಿ ಎಳೆಯುವ ಸದ್ದು.

"ದುರುಗಕ್ಕ, ನಿಮ್ಮಕ್ಕ ಎಲ್ಲಿ?"

"ಆಗ್ಲೇ ಬಂದು ಕರ್ಕೊಂಡು ಹೋದ್ರಲ್ಲವ್ವ, ಹಾಲಸ್ವಾಮಣ್ಣಾರು. ಒಂದೂವರೆಗೆಲ್ಲ ಹೊರಟ್ರು. ಒಳ್ಳೇರವ್ವ ಅವರು. ಸುಸ್ತಾಗೈತೆ ಅಂತ ಅವರೇ ಎಳನೀರು ತಂದು ಕುಡಿಸಿದ್ರು. ಯಾಕೆ, ಇನ್ನೂ ಮುಟ್ಟಿಲ್ವಾ?"

ಶಂಕ್ರಮ್ಮ ಫೋನನ್ನು ಕಿವಿಯಿಂದ ಇಳಿಸಿ, "ಒಂದೂವರೆಗೇ ಕರ್ಕೊಂಡು ಹೋಗ್ಯಾನೆ ಮೇಡಂ," ಎಂದಳು. ರೂಪಶ್ರೀ ಆಗಲೇ ತನ್ನ ಫೋನಿನಲ್ಲಿ ಪೊಲೀಸ್ ಠಾಣೆಗೆ ಕರೆ ಮಾಡುತ್ತಿದ್ದಳು. "ಕಾರಿನ ನಂಬರ್ ಹೇಳಿ, ಬೇಗ," ಎಂದಳು. ನಂಬರು ಶಂಕ್ರಮ್ಮನ ಬಾಯಿಗೆ ಬರಲಿಲ್ಲ. ಹದಿನೈದು ದಿನ ಕೂತ ಕಾರು. ಲಕ್ಷ್ಮಿದೇವಿಯೇ ಹೇಳಿದಳು, ಕಿಟಕಿಯಿಂದ ನೋಡಿ ನೋಡಿ ಬಾಯಿಪಾಠವಾಗಿತ್ತು.

ನಾಲ್ಕೂ ನಲವತ್ತಕ್ಕೆ ಫೋನು ಮೂರನೇ ಸಲ ಗುಂಯ್‌ಗುಟ್ಟಿತು. ಕೋಣೆಯ ಅಷ್ಟೂ ಕಣ್ಣು ಆ ಪರದೆಯ ಮೇಲಿನ ಹೆಸರಿಗೆ ಅಂಟಿತು. ಶಂಕ್ರಮ್ಮ ಸ್ಪೀಕರಿಗೆ ಹಾಕಿದಳು.

"ಹೇಳಿ ಅಣ್ಣ. ಟೈರ್ ಆಯ್ತಾ?"

ಆ ಕಡೆ ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು. ಅದೇ ಬೆಣ್ಣೆಯಂಥ ದನಿ, ಒಂದು ಎಳೆಯೂ ಬದಲಾಗಿರಲಿಲ್ಲ.

"ದುರುಗಕ್ಕಗೆ ಫೋನ್ ಮಾಡಿದ್ರಂತೆ. ಈಗಷ್ಟೇ ನಂಗೆ ಹೇಳಿದ್ಲು, ಪಾಪ, ಗಾಬರಿ ಆಗ್ಯಾಳೆ."

"ಅಂತ್ರಗಟ್ಟಮ್ಮನ ಕೈಗೆ ಫೋನ್ ಕೊಡ್ರಿ."

"ಎಳನೀರು ಕುಡಿದು ಮಲಗ್ಯಾಳೆ ಶಂಕ್ರಮ್ಮಾರೆ," ಎಂದ ಹಾಲಸ್ವಾಮಿ. "ಎಬ್ಬಿಸಾಕೆ ಹೋಗಬ್ಯಾಡ್ರಿ. ಆರು ಗಂಟೆಗೆ ತಾನೇ ಏಳ್ತಾಳೆ. ನೀವು ಸುಮ್ಮನಿದ್ರೆ."